ಟ್ರ್ಯಾಕ್ಟರಿಗೆ ಕೇಳಿಸುವಷ್ಟು

ನಾವು ಹೋಗುವ ಹೊತ್ತಿಗೆ ಆ ಊರಿನ ಕರೆಂಟಿನ ತಂತಿಗಳನ್ನು ಬಿಚ್ಚಿ ಒಯ್ದಿದ್ದರು. ಬಸವನ ಬಾಗೇವಾಡಿ ತಾಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಗಿದ್ದ ಊರು ಅದು. ನಮ್ಮ ಅವ್ವನ ತವರು. ಬರುವ ಮಳೆಗಾಲಕ್ಕೆ ಆಲಮಟ್ಟಿಯ ಹಿನ್ನೀರು ಅಲ್ಲಿಯವರೆಗೆ ಏರುವುದಿತ್ತು. ಜನ ಆಗಲೇ ಪುನರ್ವಸತಿ ಕೇಂದ್ರಕ್ಕೆ ಹೋಗಿ ನೆಲೆಸಿದ್ದರು. ಬಾಗಿಲು, ಚೌಕಟ್ಟು, ತೊಲೆ, ಜಂತಿ ಏನು ಬಂದರೆ ಅದನ್ನು ಕಿತ್ತು ಹೇರಿಕೊಂಡು ಹೋಗಿದ್ದರಿಂದ ಬಹಳ ಮನೆಗಳು ಬರೀ ಗೋಡೆಗಳಾಗಿ ನಿಂತಿದ್ದವು. ನಮ್ಮ ಸೋದರಮಾವನ ಮನೆಗೆ ಮಾತ್ರ ಇನ್ನೂ ತಲೆ ಮೇಲೆ ಮಣ್ಣಿನ ಮಾಳಿಗೆ ಇತ್ತು. ಬಾಗಿಲು ಇರಲಿಲ್ಲ.

ಅಲ್ಲಿಯೇ ಹಾಡು ರೆಕಾರ್ಡ್ ಮಾಡಬೇಕೆಂದು ನನ್ನ ತಮ್ಮ ಹಟ ಹಿಡಿದಿದ್ದ. ಅವನದು ಮೆಟಲ್ ಸಂಗೀತ. ಬಿಜಾಪುರದಲ್ಲಿ ಡಿಪ್ಲೊಮಾ ಓದುವಾಗ ಹತ್ತಿದ ಹುಚ್ಚು. ಗಿಟಾರನ್ನು ಗರಗಸದ ಹಾಗೆ ಕೊಯ್ಯಿಸುವುದು, ಹೊಟ್ಟೆಯ ತಳದಿಂದ ಕೂಗು ಎಳೆಯುವುದು, ಡ್ರಮ್ಮಿನ ಮೇಲೆ ಎರಡೂ ಕಾಲು ಓಡಿಸುವುದು. ಮೊದಮೊದಲು ನನಗದು ಬರೀ ಗದ್ದಲ. ಶಾಲೆಯ ಏಳನೆಯ ಇಯತ್ತೆ ಮುಗಿದಾಗಿನಿಂದ ಸಿಂದಗಿ ಬಸ್ ನಿಲ್ದಾಣದ ಪಕ್ಕದ ನಮ್ಮ ಕ್ಯಾಸೆಟ್ ಅಂಗಡಿಯಲ್ಲಿ ಕೂತವಳು ನಾನು. ಭಜನಾ ಪದ, ಡೊಳ್ಳಿನ ಪದ, ನಾಟಕದ ಹಾಡು, ಸಿನಿಮಾ ಹಾಡು, ಇಷ್ಟೇ ನನಗೆ ಗೊತ್ತಿದ್ದುದು. ಅಪ್ಪ ತೀರಿಕೊಂಡ ಮೇಲೆ ಅಂಗಡಿಯೂ ಹಿಂದಿನ ಕೋಣೆಯ ರೆಕಾರ್ಡಿಂಗ್ ಕೆಲಸವೂ ನನ್ನ ಪಾಲಿಗೆ ಬಂದವು. ಒಂದು ಕಂಪ್ಯೂಟರನ್ನೂ ಸಿಡಿ ಬರೆಯುವ ಡ್ರೈವನ್ನೂ ಹಾಕಿಸಿ, ನೋಡಿ ನೋಡಿಯೇ ಕಲಿತಿದ್ದೆ.

ತಮ್ಮನ ಹಾಡುಗಳೆಲ್ಲ ಆ ಊರಿನ ಮೇಲೆಯೇ ಇದ್ದವು. ನಾಳೆ ನೀರಿಗೆ ಹೋಗುವ ಮನೆಗೆ ಬೀಗ ಹಾಕಬೇಕೋ ಬೇಡವೋ ತಿಳಿಯದೆ ನಿಂತ ಮುದುಕಿಯ ಮೇಲೆ ಒಂದು. ದೇವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದ ಪೂಜಾರಿಯ ಮೇಲೆ ಒಂದು. ಅವನು ಗಿಟಾರ್ ಬಾರಿಸಿ ಹಾಡುತ್ತಿದ್ದ. ಡ್ರಮ್ಮಿಗೆ ತಾಳಿಕೋಟೆಯ ಗೆಳೆಯ. ಆ ಹುಡುಗನ ಅಪ್ಪ ಮೊಹರಮ್ಮಿನಲ್ಲಿ ಹಲಗೆ ಬಾರಿಸುವವನು. ಮಗನ ಕಾಲಿನಲ್ಲೂ ಅದೇ ಲೆಕ್ಕ ಓಡುತ್ತಿತ್ತು. ಯಂತ್ರ ನೋಡಿಕೊಳ್ಳುವುದು ನನ್ನ ಕೆಲಸ.

ಹುಬ್ಬಳ್ಳಿಯಿಂದ ತಮ್ಮ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರವೊಂದನ್ನು ಕೇಳಿ ತಂದಿದ್ದ. ಸಾದಾ ಟೇಪ್ ಡೆಕ್ಕು ಕ್ಯಾಸೆಟ್ಟಿನ ಒಂದು ಬದಿಗೆ ಎರಡು ಟ್ರ್ಯಾಕು, ಅಂದರೆ ಎರಡು ಪಟ್ಟಿ, ತಿರುವಿ ಹಾಕಿದರೆ ಇನ್ನೊಂದು ಬದಿಗೆ ಎರಡು ಪಟ್ಟಿ ಬರೆಯುತ್ತದೆ. ಈ ಯಂತ್ರ ನಾಲ್ಕನ್ನೂ ಒಂದೇ ದಿಕ್ಕಿಗೆ, ಎರಡು ಪಟ್ಟು ವೇಗದಲ್ಲಿ ಬರೆಯುತ್ತಿತ್ತು. ಡ್ರಮ್ಮಿಗೆ ಒಂದು ಪಟ್ಟಿ, ಗಿಟಾರಿಗೆ ಒಂದು, ದನಿಗೆ ಒಂದು. ನಾಲ್ಕನೆಯದು ಮನೆಗೆ. ಹಾಗೆಂದವನು ತಮ್ಮ. ಪಡಸಾಲೆಯ ಮೂಲೆಯಲ್ಲಿ ಯಾರಿಗೂ ಸಂಬಂಧವಿಲ್ಲದ ಹಾಗೆ ಒಂದು ಮೈಕು ನಿಲ್ಲಿಸಿದ. ಅದು ಗೋಡೆಗಳು ಏನು ಮಾಡುತ್ತವೋ ಅದನ್ನು ಹಿಡಿಯಬೇಕು.

ಮೊದಲ ದಿನ ಪೂರಾ ಹಾಳಾಯಿತು. ಬಾಡಿಗೆ ಜನರೇಟರನ್ನು ಎರಡು ಓಣಿ ಆಚೆ ಇಟ್ಟರೂ, ಹಾಡು ಸಣ್ಣಗಾದಲ್ಲೆಲ್ಲ ಅದರ ಗುರ್ ಎನ್ನುವ ಸದ್ದು ನುಸುಳುತ್ತಿತ್ತು. ಖಾಲಿ ಊರಿನಲ್ಲಿ ಸದ್ದನ್ನು ತಡೆಯುವುದಕ್ಕೆ ಏನೂ ಇರಲಿಲ್ಲ. ಮರುದಿನ ನಾನು ಟ್ರ್ಯಾಕ್ಟರ್ ಬ್ಯಾಟರಿಗಳನ್ನೂ ಅಂಗಡಿಯ ಇನ್ವರ್ಟರನ್ನೂ ತಂದು ಅವುಗಳ ಮೇಲೆ ಯಂತ್ರ ನಡೆಸಿದೆ. ಗಿಟಾರಿನ ದನಿ ತಮ್ಮನಿಗೆ ಒಪ್ಪಲಿಲ್ಲ. ಅಂಗಳದಲ್ಲಿ ಜೋಳ ತುಂಬುವ ಹಗೇವು ಇತ್ತಲ್ಲ, ನೆಲದೊಳಗಿನ ಆ ಖಾಲಿ ಕಣಜದಲ್ಲಿ ಗಿಟಾರಿನ ಸ್ಪೀಕರ್ ಇಳಿಸೋಣ ಎಂದ. ಮುಚ್ಚಿದ್ದ ಹಗೇವಿಗೆ ಹಾಗೆಯೇ ಇಳಿಯುವಂತಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ. ಬಾಯಿ ತೆಗೆದು ಬಿಸಿಲಿಗೆ ಬಿಟ್ಟು, ಸಂಜೆ ಹಗ್ಗಕ್ಕೆ ಕಂದೀಲು ಕಟ್ಟಿ ಬಿಟ್ಟೆವು. ಕಂದೀಲು ಆರಲಿಲ್ಲ. ತಾಳಿಕೋಟೆಯ ಹುಡುಗ ಇಳಿದು ಸ್ಪೀಕರ್ ಕೂರಿಸಿ, ಮೈಕನ್ನು ನಡುವೆ ತೂಗು ಹಾಕಿ ಬಂದ.

ಹೆಡ್‌ಫೋನಿನಲ್ಲಿ ಆ ದನಿ ಕೇಳಿದ ದಿನ ನನಗೆ ತಮ್ಮನ ಹಾಡು ಅರ್ಥವಾಯಿತು ಎನ್ನಬೇಕು. ಮೊದಲ ಹಾಡು ಶುರುವಾಗುವುದೇ ಕೇಳಿಯೂ ಕೇಳದ ಹಾಗೆ. ಪಾರಿವಾಳಗಳು ಇವೆ, ಮನೆ ಇದೆ, ನೆಲದೊಳಗಿಂದ ಒಂದೊಂದೇ ತಂತಿ ಮೇಲೆ ಬರುತ್ತದೆ, ತಮ್ಮ ಬಾಯಿ ಮುಚ್ಚಿಕೊಂಡು ಗುನುಗುತ್ತಾನೆ. ಕೇಳುವವರು ಕಿವಿ ಮುಂದೆ ಮಾಡಿ ಬಗ್ಗುತ್ತಾರೆ. ಆಗ ಡ್ರಮ್ಮಿನ ಮೊದಲ ಏಟು ಬೀಳುತ್ತದೆ. ಎದೆಗೇ ಬೀಳುತ್ತದೆ. ಬಗ್ಗಿದವರಿಗೇ ಅದು ಹಾಗೆ ಬೀಳುವುದು.

ಚೌಕಟ್ಟು ಕೀಳಲು ಬಂದಿದ್ದ ಮುದುಕನೊಬ್ಬ ತಮ್ಮನ ಕೂಗು ಕೇಳಿ ಬಾಗಿಲಿಲ್ಲದ ಬಾಗಿಲಲ್ಲಿ ನಿಂತು, "ಯಾಕೋ ತಮ್ಮಾ, ಹೊಟ್ಟಿ ನೋಯಾಕತ್ತೈತೇನು?" ಎಂದು ಕೇಳಿದ. ಹುಡುಗರು ನೆಲಕ್ಕೆ ಬಿದ್ದು ನಕ್ಕರು. ಮುದುಕ ನಗಲಿಲ್ಲ. ಪೂರ್ತಿ ಹಾಡು ಮುಗಿಯುವವರೆಗೆ ಕಟ್ಟೆಯ ಮೇಲೆ ಕೂತಿದ್ದು ಎದ್ದು ಹೋದ.

ಸಿಂದಗಿಗೆ ಬಂದ ಮೇಲೆ ಟೇಪುಗಳನ್ನು ಕಂಪ್ಯೂಟರಿಗೆ ಏರಿಸಿ, ನಾಲ್ಕು ಪಟ್ಟಿಗಳನ್ನು ಕೂಡಿಸಿ ಹಾಡು ಮಾಡಿದೆವು. ಆ ದಿನಗಳಲ್ಲೇ ತಮ್ಮ ನನಗೊಂದು ಪಾಠ ಮಾಡಿದ. ಪರದೇಶದ ಒಂದೇ ಮೇಳದ್ದು, ಒಂದು ಹಳೆಯ ಕ್ಯಾಸೆಟ್, ಒಂದು ಹೊಸ ಸಿಡಿ. ಎರಡನ್ನೂ ಹಚ್ಚಿದ. ಹೊಸದು ಎಷ್ಟು ಜೋರಿತ್ತೆಂದರೆ ಹಳೆಯದು ಬಡವಾಗಿ ಕೇಳಿಸಿತು. ಹೊಸದೇ ಚಲೋ ಎಂದೆ. ಅವನು ಹೊಸದರ ವಾಲ್ಯೂಮ್ ಇಳಿಸಿ, ಎರಡೂ ಸಮ ಕೇಳುವ ಹಾಗೆ ಮಾಡಿ, ನನ್ನನ್ನು ಕಣ್ಣು ಮುಚ್ಚಲು ಹೇಳಿದ. ಈಗ ಬೇರೆಯೇ ಆಯಿತು. ಹಳೆಯದರಲ್ಲಿ ಡ್ರಮ್ಮಿನ ಪ್ರತಿ ಏಟೂ ಎದ್ದು ಬರುತ್ತಿತ್ತು, ಗಿಟಾರು ಹಿಂದೆ ಸರಿದು ಜಾಗ ಕೊಡುತ್ತಿತ್ತು. ಹೊಸದರಲ್ಲಿ ಎಲ್ಲವೂ ಒಂದೇ ಎತ್ತರಕ್ಕೆ ನಿಂತು ಒಟ್ಟಿಗೆ ಚೀರುತ್ತಿದ್ದವು. ಮೂರನೆಯ ಹಾಡಿಗೆ ನನ್ನ ಕಿವಿ ದಣಿಯಿತು. ಬಂದ್ ಮಾಡಿದರೆ ಸಾಕೆನಿಸಿತು.

"ಅಂಗಡ್ಯಾಗ ಹಚ್ಚಿದ ಕೂಡಲೇ ಮಂದಿ ಹೊಳ್ಳಿ ನೋಡ್ಲಿ ಅಂತ ಮಾಡ್ತಾರ ಯಕ್ಕಾ. ಏಟಿನ ತಲಿ ಕತ್ತರಿಸಿ ಉಳಿದದ್ದನ್ನೆಲ್ಲಾ ಮ್ಯಾಲ ಎತ್ತತಾರ. ನಮ್ಮ ಹಾಡಿಗೆ ಅದನ್ನ ಮಾಡಬ್ಯಾಡ. ಸಣ್ಣಗಿದ್ದದ್ದು ಸಣ್ಣಗ ಇರ್ಲಿ."

ಮಾಡುವುದಿಲ್ಲ ಎಂದು ಮಾತು ಕೊಟ್ಟೆ. ಆದ್ದರಿಂದ ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ.

ಮಳೆ ಶುರುವಾಗುವಾಗ ತಮ್ಮನಿಗೆ ಪುಣೆಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಸಿಡಿ, ಕ್ಯಾಸೆಟ್ ಪ್ರತಿಗಳನ್ನು ಮಾಡಿ, ಹುಬ್ಬಳ್ಳಿಯ ಗೆಳೆಯರಿಗೂ ಪುನರ್ವಸತಿ ಕೇಂದ್ರದ ನಮ್ಮ ಮಂದಿಗೂ ಮುಟ್ಟಿಸುವ ಕೆಲಸ ನನಗೆ ಬಿಟ್ಟು ಹೋದ.

ನಮ್ಮ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಟ್ರ್ಯಾಕ್ಟರ್ ಡ್ರೈವರುಗಳು. ಕಬ್ಬು, ತೊಗರಿ ಹೇರಿಕೊಂಡು ಬಂದವರು ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಮಾಡದೆಯೇ ಕ್ಯಾಸೆಟ್ ಹಾಕಿ ನೋಡುತ್ತಿದ್ದರು. ಇಂಜಿನ್ನಿನ ಸದ್ದನ್ನು ದಾಟಿ ಕೇಳಿಸಿದರೆ ಚಲೋ ಕ್ಯಾಸೆಟ್, ಇಲ್ಲದಿದ್ದರೆ ಡೂಪ್ಲಿಕೇಟ್. ಅವರಿಗಾಗಿಯೇ ನಾನು ಡೊಳ್ಳಿನ ಪದಗಳನ್ನು ಕಂಪ್ಯೂಟರಿನಲ್ಲಿ ಏಟಿನ ತಲೆ ಕತ್ತರಿಸುವ ಲಿಮಿಟರ್ ಹಾಕಿ ಒತ್ತಿ ಒತ್ತಿ ಜೋರು ಮಾಡುವುದನ್ನು ಕಲಿತಿದ್ದೆ. ಸಿಂದಗಿಯಲ್ಲಿ ನನ್ನ ಕ್ಯಾಸೆಟ್ಟಿನಷ್ಟು ಜೋರು ಯಾರದೂ ಇಲ್ಲ ಎಂಬ ಹೆಸರಿತ್ತು. ನನಗಿದ್ದ ಹೆಸರು ಅದೊಂದೇ.

ಇಂಡಿ ಕಡೆಯ ಒಬ್ಬ ಡ್ರೈವರು, ಬಾಯಿ ಜೋರಿನ ಮನುಷ್ಯ, ತಮ್ಮನ ಕ್ಯಾಸೆಟ್ ಬಂದಿದೆ ಎಂದು ಯಾರಿಂದಲೋ ಕೇಳಿ, ಹಾಕಿ ನೋಡುತ್ತೇನೆ ಎಂದು ಆಗ ತಯಾರಾಗಿದ್ದ ಒಂದೇ ಪ್ರತಿಯನ್ನು ಒಯ್ದ. ಟ್ರ್ಯಾಕ್ಟರಿನ ಮೇಲೆ ಕೂತು ಬಹಳ ಹೊತ್ತು ಕಿವಿ ಕೊಟ್ಟ. ಆಮೇಲೆ ಅಲ್ಲಿಂದಲೇ ಕೂಗಿ ಕೇಳಿದ:

"ಅಕ್ಕಾರ, ನಿಮ್ಮ ತಮ್ಮ ಹಾಡ್ಯಾನೋ, ಇಲ್ಲಾ ಖಾಲಿ ಕ್ಯಾಸೆಟ್ ಕೊಟ್ಟೀರೋ?"

ಚಹಾ ಅಂಗಡಿಯ ಮುಂದಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಇಡೀ ತಾಲೂಕಿನ ಹಾಡುಗಳನ್ನು ನಾನು ಜೋರು ಮಾಡಿ ಕೊಡುತ್ತೇನೆ, ನನ್ನ ತಮ್ಮನದೇ ಖಾಲಿ ಎನಿಸಿಕೊಳ್ಳಬೇಕೇ? ಅವನು ಓದಿದವನು, ಅವನಿಗೆ ಸಂಗೀತ ಗೊತ್ತು. ಮಂದಿ ಗೊತ್ತಿರುವುದು ನನಗೆ. ಹೀಗೆ ಅಂದುಕೊಂಡು ಒಳಕೋಣೆಗೆ ಹೋಗಿ ಕೂತೆ.

ಮೊದಲ ಹಾಡು ತೆಗೆದೆ. ಪರದೆಯ ಮೇಲೆ ಅದು ಸಣ್ಣ ಗೆರೆಯಾಗಿ ಹೊರಟು, ಮೊದಲ ಏಟಿನಲ್ಲಿ ಎದ್ದು, ಬಿದ್ದು, ಮತ್ತೆ ಎದ್ದು ಕಾಣುತ್ತಿತ್ತು. ಲಿಮಿಟರ್ ಹಾಕಿದೆ. ಡ್ರೈವರು ತಿರುಗಿ ಕೊಟ್ಟ ಆ ಪ್ರತಿಯ ಮೇಲೆಯೇ ತುಂಬಿ, ಹೊರಗೆ ನಿಂತ ಅವನ ಟ್ರ್ಯಾಕ್ಟರಿನಲ್ಲಿ ಕೇಳಿಸಿ ನೋಡಿದೆ. ಸಾಲದು ಎಂದ ಡ್ರೈವರು. ಇನ್ನೂ ಒತ್ತಿದೆ. ಮತ್ತೆ ಕೇಳಿಸಿದೆ. ಕೊನೆಗೆ ಅವನು ಸ್ಟೇರಿಂಗ್ ಮೇಲೆ ತಾಳ ಹಾಕಿ, "ಈಗ ಜೀವ ಬಂತ್ ನೋಡ್ರಿ," ಎಂದ. ಪರದೆಯ ಮೇಲೆ ಹಾಡು ಒತ್ತಿ ಕಟ್ಟಿದ ಹತ್ತಿ ಅಂಡಿಗೆಯ ಹಾಗೆ ಅಂಚಿನಿಂದ ಅಂಚಿಗೆ ತುಂಬಿ ಕೂತಿತ್ತು. ಉಳಿದ ಹಾಡುಗಳಿಗೂ ಅದನ್ನೇ ಮಾಡಿದೆ.

ಆಮೇಲೆ ಮಾಡಿದ್ದು, ನಮ್ಮ ಕಸುಬಿನಲ್ಲಿ ದಿನಾ ಮಾಡುವ ಕೆಲಸ. ಹಾರ್ಡ್ ಡಿಸ್ಕಿನಲ್ಲಿ ಜಾಗ ಕಡಿಮೆ. ಕೆಲಸ ಮುಗಿದ ಹಾಡನ್ನು ಹಳೆಯ ಹೆಸರಿನ ಮೇಲೆಯೇ ಉಳಿಸಿ, ಪಟ್ಟಿಗಳನ್ನು ಅಳಿಸುವುದು. ಒಳ್ಳೆಯ ಟೇಪು ಕೈಯಲ್ಲಿದ್ದರೆ ಸುಮ್ಮನೆ ಇಡುವುದಿಲ್ಲ. ಅದರ ಮೇಲೆ ಗಿರಾಕಿ ಕೇಳಿದ ಹಾಡು ತುಂಬಿ ಕೊಡುವುದು. ತಮ್ಮ ತಂದ ಟೇಪುಗಳು ಬಹಳ ಒಳ್ಳೆಯ ಜಾತಿಯವು, ಮೂರು ಇದ್ದವು. ಆ ವಾರವೇ ಮೂರರ ಮೇಲೂ ಡೊಳ್ಳಿನ ಪದ ತುಂಬಿ ಕೊಟ್ಟೆ. ಅದರಲ್ಲೊಂದು ಆ ಇಂಡಿಯ ಡ್ರೈವರನಿಗೇ ಹೋಯಿತು. ಕೈ ತನ್ನಷ್ಟಕ್ಕೆ ಮಾಡಿತು ಎನ್ನಬಹುದು. ಆದರೆ ಬಟನ್ ಒತ್ತುವ ಮೊದಲು ಒಂದು ಕ್ಷಣ ತಮ್ಮನ ಮಾತು ನೆನಪಾಗಿತ್ತು. ಕೇಳಿದರೆ ಅವನೇ ಮೆಚ್ಚುತ್ತಾನೆ ಎಂದು ಒತ್ತಿದೆ.

ಆ ಮಳೆಗಾಲದಲ್ಲಿ ನೀರು ಬಂತು. ಊರು ಹೋಯಿತು.

ದಸರೆಗೆ ತಮ್ಮ ಬಂದ. ಚೀಲ ಇಳಿಸಿದವನೇ ಹೆಡ್‌ಫೋನ್ ಹಾಕಿಕೊಂಡು ಸಿಡಿ ಹಚ್ಚಿದ. ನಾನು ಎದುರಿಗೇ ಸ್ಟೂಲಿನ ಮೇಲೆ ಕೂತು ಅವನ ಮುಖ ನೋಡುತ್ತಿದ್ದೆ, ಹೊಗಳಿಕೆಗೆ ಕಾದು. ಅವನು ಹೆಡ್‌ಫೋನ್ ತೆಗೆದ. ತಂತಿ ಸರಿಯಿದೆಯೇ ನೋಡಿ, ಮತ್ತೆ ಹಾಕಿಕೊಂಡ. ವಾಲ್ಯೂಮ್ ಇಳಿಸಿದ, ಇನ್ನೂ ಇಳಿಸಿದ. ಎರಡನೆಯ ಹಾಡಿಗೆ ನಿಲ್ಲಿಸಿದ.

"ಯಕ್ಕಾ, ಊರು ಎಲ್ಲಿ ಹೋತು?"

"ಎಲ್ಲಾ ಐತಲ್ಲೋ. ಪಾರಿವಾಳ ಸುದ್ದಾ ಎಷ್ಟ್ ಜೋರ್ ಕೇಳಸ್ತಾವು."

"ಅದಕ್ಕ ಕೇಳಾಕತ್ತೇನಿ. ಪಾರಿವಾಳಾನೂ ಚೀರ್ತಾವು, ನಾನೂ ಚೀರ್ತೇನಿ, ಡ್ರಮ್ಮೂ ಚೀರ್ತೈತಿ. ಖಾಲಿ ಮನಿ ಎಲ್ಲೈತಿ?"

ಅವನು ಕೊಟ್ಟ ಹೆಡ್‌ಫೋನ್ ಹಾಕಿಕೊಂಡು ಅವನ ಎದುರೇ ಕೇಳಿದೆ. ಟ್ರ್ಯಾಕ್ಟರ್ ಇರಲಿಲ್ಲ, ಇಂಜಿನ್ ಇರಲಿಲ್ಲ. ಮನೆಯ ಸುಮ್ಮನಿರುವಿಕೆ ಟೇಪಿನ ಸುಯ್ ಸದ್ದಿನೊಂದಿಗೆ ಭೋರ್ಗರೆಯುತ್ತಿತ್ತು. ಹಗೇವಿನ ತಂತಿ ಕಿವಿಯ ಪಕ್ಕದಲ್ಲೇ ಕಿರುಚುತ್ತಿತ್ತು. ಮೊದಲ ಏಟಿಗೆ ಕಾದೆ. ಅದು ಬಂದು ಹೋಗಿತ್ತು; ಬಂದದ್ದೇ ತಿಳಿಯಲಿಲ್ಲ.

ಮೂಲ ಹಾಡು ತೆಗೆ, ಹೊಸದಾಗಿ ಪ್ರತಿ ಮಾಡೋಣ ಎಂದ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಆಗ ನಾನು ಹೇಳಬಹುದಿತ್ತು. ಬದಲಿಗೆ, ವೋಲ್ಟೇಜ್ ಏರಿಳಿದು ಕಂಪ್ಯೂಟರ್ ಕೈಕೊಟ್ಟಿತು, ಮೂಲ ಹಾಡುಗಳೆಲ್ಲ ಹೋದವು ಎಂದೆ. ಟೇಪುಗಳೆಲ್ಲಿ ಎಂದು ಕೇಳಿದ. ಅವನ್ನು ಇಲಿ ಕಡಿದವು ಎಂದೆ. ಒಂದು ಸುಳ್ಳಿಗೆ ಇನ್ನೊಂದು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಭಯವಾಯಿತು.

ಅವನು ನಂಬಿದ. ಹಾರ್ಡ್ ಡಿಸ್ಕ್ ಬಿಚ್ಚಿಸಿಕೊಂಡು, ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಿಜಾಪುರಕ್ಕೆ ಒಯ್ದ. ಅಲ್ಲಿ ರಿಪೇರಿಯವನು ತಡಕಾಡಿ, ಹಳೆಯದೇನೂ ಸಿಗುವುದಿಲ್ಲ ಎಂದನಂತೆ. ತಾಳಿಕೋಟೆಯ ಹುಡುಗ ನಮ್ಮ ಅಂಗಡಿಗೆ ಬಂದು ಒಂದು ಹಾಡು ಕೇಳಿದ. "ಇದು ನನ್ನ ಕಾಲಿನ ಏಟಲ್ಲ ಬಿಡ್ರಿ," ಎಂದು ಎದ್ದ. ಮತ್ತೆ ಊರಿಗೆ ಹೋಗಿ ಬಾರಿಸಿ ಬರೋಣ ಎನ್ನುವುದಕ್ಕೆ ಊರೇ ಇರಲಿಲ್ಲ. ತಮ್ಮ ರಜೆ ಮುಗಿಯುವ ಮೊದಲೇ ಪುಣೆಗೆ ಹೊರಟ.

ಕಬ್ಬಿನ ಹಂಗಾಮಿನಲ್ಲಿ ಆ ಇಂಡಿಯ ಡ್ರೈವರು ಮತ್ತೆ ಬಂದ. ಕ್ಯಾಸೆಟ್ಟನ್ನು ಕೌಂಟರಿನ ಮೇಲೆ ಇಟ್ಟು, ದೂರ ಸರಿದು ನಿಂತ.

"ಇದರಾಗ ದೆವ್ವ ಐತ್ರಿ ಅಕ್ಕಾರ. ಎರಡನೇ ಬಾಜೂ ಪದ ಮುಗಿದ ಮ್ಯಾಲ ಬಂದ್ ಮಾಡೂದು ಮರೆತಿದ್ದೆ. ಹೂಂ ಹೂಂ ಅಂತೈತಿ. ನನ್ನ ಕ್ಲೀನರ್ ಗಾಡಿ ಇಳದು ಓಡ್ಯಾನ."

ನಗು ಬರಲಿಲ್ಲ. ಅವನು ಹೇಳಿದ್ದೇನೆಂದು ನನಗೆ ತಕ್ಷಣ ತಿಳಿಯಿತು. ಡೊಳ್ಳಿನ ಪದ ಟೇಪಿನ ತುದಿಯವರೆಗೆ ತುಂಬಿರಲಿಲ್ಲ. ಎರಡನೆಯ ಬದಿಯ ಕೊನೆ ಎಂದರೆ ತಮ್ಮನ ಯಂತ್ರಕ್ಕೆ ಅದು ಮೊದಲು. ಅಲ್ಲಿ ಅಳಿಯದೆ ಉಳಿದ ಚೂರು ಹಿಂದುಮುಂದಾಗಿ, ಅರ್ಧ ವೇಗದಲ್ಲಿ ನಡೆದು ದೆವ್ವದ ಹಾಗೆ ಕೇಳಿಸಿತ್ತು. ಅವನಿಗೆ ಬೇರೆ ಕ್ಯಾಸೆಟ್ ಕೊಟ್ಟು ಕಳಿಸಿ, ಅಂಗಡಿ ಅರ್ಧ ಮುಚ್ಚಿ ಕೂತೆ.

ಕಂಪ್ಯೂಟರಿಗೆ ಏರಿಸಿ, ತಿರುವಿ, ವೇಗ ಎರಡು ಪಟ್ಟು ಮಾಡಿದೆ. ಸುಯ್ ಸದ್ದನ್ನು ತೆಗೆಯಲು ಹೋಗಲಿಲ್ಲ. ಯಾವುದನ್ನೂ ಮುಟ್ಟಲಿಲ್ಲ. ಮೊದಲ ಬದಿಯ ಎರಡು ಪಟ್ಟಿಗಳನ್ನು ಡೊಳ್ಳಿನ ಪದ ಅಳಿಸಿತ್ತು; ಉಳಿದದ್ದು ಎರಡೇ: ದನಿಯದು, ಮನೆಯದು. ಪಾರಿವಾಳದ ರೆಕ್ಕೆ. ದೂರದಲ್ಲಿ ನದಿಯ ಕಡೆಯಿಂದ ಯಾರೋ ಯಾರನ್ನೋ ಕರೆದದ್ದು. "ಸುರು ಮಾಡ್ರಿ" ಎಂದ ನನ್ನದೇ ದನಿ. ತಮ್ಮನ ಉಸಿರು, ಆಮೇಲೆ ಗುನುಗು. ಅಂಗಳದ ನೆಲದಡಿಯಿಂದ ಬಂದ ಗಿಟಾರನ್ನು ಪಡಸಾಲೆಯ ಮೈಕು ಹಿಡಿದಷ್ಟು, ಎಷ್ಟೋ ದೂರದ್ದೆನ್ನುವ ಹಾಗೆ. ನಾನು ಸ್ಪೀಕರಿನ ಕಡೆ ಬಗ್ಗಿದೆ. ಡ್ರಮ್ಮಿನ ಒಂದು ಏಟು ಬಿತ್ತು. ಆ ಏಟು ಗೋಡೆಯಿಂದ ಗೋಡೆಗೆ ಹೋಗಿ, ಬಾಗಿಲಿಲ್ಲದ ಬಾಗಿಲಿನಿಂದ ಹೊರಗೆ ಹೋಯಿತು. ಅಷ್ಟರಲ್ಲಿ ಡೊಳ್ಳಿನ ಪದ ಹಿಂದುಮುಂದಾಗಿ ನುಗ್ಗಿ ಬಂತು.

ಉಳಿದೆರಡು ಟೇಪುಗಳನ್ನು ಹುಡುಕಿಕೊಂಡು ಹೊರಟೆ. ಒಂದನ್ನು ಒಯ್ದ ಬೇರೊಬ್ಬ ಡ್ರೈವರೂ ಇಂಡಿಯಲ್ಲೇ ಸಿಕ್ಕ. ಟೇಪು ಸುರುಳಿ ಸಿಕ್ಕಿ ಹರಿದಿತ್ತು. ಕಿರುಬೆರಳಿನಿಂದ ಸುತ್ತಿ, ಅಂಟು ಹಚ್ಚಿ ನಡೆಸಿದರೆ ಎರಡೂ ಬದಿ ತುದಿಯವರೆಗೆ ಪದ ತುಂಬಿತ್ತು. ಆ ದಿನ ಜಾಗ ಉಳಿಯಬಾರದೆಂದು ಕೊನೆಗೊಂದು ಚೂರು ಪದ ತುರುಕಿದವಳು ನಾನೇ. ಇನ್ನೊಂದು ಮುದ್ದೇಬಿಹಾಳಕ್ಕೆ ಹೋಗಿತ್ತು. ಆ ಡ್ರೈವರು ಗಾಡಿ ಮಾರಿದ್ದ, ಗಾಡಿಯ ಜೊತೆ ಟೇಪ್ ರೆಕಾರ್ಡರನ್ನೂ ಕ್ಯಾಸೆಟ್ ಡಬ್ಬವನ್ನೂ. ಕೊಂಡವನ ಮನೆಗೆ ಹೋದೆ. ಅವನ ಹೆಂಡತಿ ನೀರು ಕೊಟ್ಟು, ಅಂಗಳದಲ್ಲಿ ತೂರಾಡುತ್ತಿದ್ದ ಮಿರಿಮಿರಿ ಪಟ್ಟಿ ತೋರಿಸಿದಳು. ಹಕ್ಕಿ ಬೆದರಿಸಲು ಹೊಲದಲ್ಲಿ ಟೇಪು ಎಳೆದು ಕಟ್ಟಿದ್ದರು, ಉಳಿದದ್ದು ಅದು. ಬಿಸಿಲಿಗೆ ಅದರ ಬಣ್ಣ ಉದುರಿ ಪಾರದರ್ಶಕವಾಗಿತ್ತು. ಇಷ್ಟು ದೂರ ಒಂದು ಕ್ಯಾಸೆಟ್ಟಿಗೆ ಬಂದಿರೇನ್ರಿ ಎಂದು ಆಕೆ ಕೇಳಿದಾಗ ಖಾಲಿ ಚೊಂಬನ್ನು ಅವಳ ಕೈಗೆ ಕೊಟ್ಟು ಹೊರಟೆ.

ಬಸ್ಸಿನಲ್ಲಿ ಹಿಂದೆ ಬರುವಾಗ ಒಂದು ಉಪಾಯ ಹೊಳೆಯಿತು. ಉಳಿದ ಚೂರನ್ನು ಹೊಸ ಸಿಡಿಗೆ ಹಾಕಿ, ಎಲ್ಲೋ ಮೂಲೆಯಲ್ಲಿ ಒಂದು ಪ್ರತಿ ಸಿಕ್ಕಿತು ಎಂದು ಕೊಟ್ಟರೆ ತಮ್ಮ ಖುಷಿಪಡುತ್ತಾನೆ. ನಾನೂ ಉಳಿಯುತ್ತೇನೆ. ಸಿಡಿಯನ್ನು ಬರೆದೂ ಆಯಿತು. ಸಂಕ್ರಾಂತಿಗೆ ಅವನು ಬರುವವರೆಗೆ ಅದು ಡ್ರಾದಲ್ಲಿತ್ತು.

ಅವನು ಬಂದ ದಿನ ಕರೆಂಟು ಹೋಯಿತು. ನನ್ನ ಮುಂದೆಯೇ ಅವನು ಕರೆಂಟಿನವರಿಗೆ ಬಾಯಿಗೆ ಬಂದ ಹಾಗೆ ಬೈದ. ನಮ್ಮ ಹಾಡು ತಿಂದವರು ಇವರು ಎಂದ. ಮೊದಲು ಹೀಗೆ ಬೈಯುವ ಹುಡುಗನಲ್ಲ. ಕರೆಂಟು ಬಂದ ಮೇಲೆ ನಾನು ಸಿಡಿ ತೆಗೆಯಲಿಲ್ಲ. ಡೊಳ್ಳಿನ ಪದದ ಚೀಟಿ ಅಂಟಿಸಿದ ಆ ಟೇಪನ್ನೇ ಅವನ ಕೈಗೆ ಕೊಟ್ಟೆ. ಚೀಟಿಯ ಮೇಲಿನ ಅಕ್ಷರ ನನ್ನದು. ಯಾರು ಅಳಿಸಿದರು, ಯಾಕೆ ಅಳಿಸಿದರು, ವೋಲ್ಟೇಜ್ ಇಲ್ಲ, ಇಲಿ ಇಲ್ಲ, ಎಲ್ಲವನ್ನೂ ಹೇಳಿದೆ. ಆಮೇಲೆ ಕಂಪ್ಯೂಟರಿನಲ್ಲಿ ಆ ಚೂರನ್ನು ಹಚ್ಚಿ ಎದ್ದು ನಿಂತೆ.

ಅವನು ಕೇಳಿದ. ಮತ್ತೊಮ್ಮೆ ಕೇಳಿದ. ಏಟು ಬಿದ್ದಾಗ ಎರಡೂ ಸಲ ಅವನ ಹೆಗಲು ಅಲುಗಿತು.

"ಉಳಿದದ್ದು?"

"ಇಷ್ಟ ಐತಿ. ಉಳಿದದ್ದು ಇಲ್ಲೋ."

ಟೇಪಿನ ಚೀಟಿ ನೋಡುತ್ತ ಅಂದ: "ಕರೆಂಟಿನವರನ್ನ ಎಷ್ಟ್ ಬೈದೇನಿ ಯಕ್ಕಾ ನಾನು."

ಅಷ್ಟೇ. ನನ್ನನ್ನು ಬೈದಿದ್ದರೆ, ಟೇಪು ಎಸೆದಿದ್ದರೆ ನನಗೆ ಹಗುರವಾಗುತ್ತಿತ್ತು. ಟೇಪನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಕೈ ತೊಳೆದು, ನಾನು ಬಡಿಸಿದ ಊಟ ಮಾಡಿದ.

ಈಗಲೂ ಹಬ್ಬಕ್ಕೆ ಬರುತ್ತಾನೆ. ಅಂಗಡಿಯ ವೈರಿಂಗ್ ಸರಿ ಮಾಡಿಕೊಟ್ಟು ಹೋಗುತ್ತಾನೆ, ಬಿ.ಪಿ. ಗುಳಿಗೆ ತಗೊಂಡೆಯಾ ಎಂದು ಕೇಳುತ್ತಾನೆ. ಪುಣೆಯಲ್ಲಿ ಅವನು ಬೇರೆ ಹುಡುಗರನ್ನು ಕೂಡಿಕೊಂಡು ಹೊಸ ಹಾಡುಗಳನ್ನು ಮಾಡಿದ್ದಾನೆ. ತಾಳಿಕೋಟೆಯ ಹುಡುಗನಿಗೆ ಸಿಡಿ ಕಳಿಸಿದ್ದ. ಸಣ್ಣಗಿದ್ದದ್ದು ಸಣ್ಣಗೇ ಇದೆ, ಬಹಳ ಚಲೋ ಆಗಿದೆ ಎಂದು ಆ ಹುಡುಗ ಅಂಗಡಿಗೆ ಬಂದಾಗ ಬಾಯಿತಪ್ಪಿ ಹೇಳಿಬಿಟ್ಟ.

ಮುಂದಿನ ಹಬ್ಬಕ್ಕೆ ಬಂದಾಗ ತಮ್ಮನನ್ನು ಕೇಳಿದೆ, ಹೊಸ ಹಾಡು ಎಲ್ಲಿಗೆ ಬಂತು ಎಂದು. ಅವನು ಮುಖ ತಗ್ಗಿಸಿ, ಬಿಚ್ಚಿದ್ದ ಸ್ವಿಚ್ಚನ್ನು ನೋಡುತ್ತ, "ಅದಿನ್ನಾ ಮುಗದಿಲ್ಲ ಯಕ್ಕಾ," ಎಂದ.

ಆಗಲಿ, ಸಾವಕಾಶ ಮುಗಿಸು ಎಂದೆ.